ಬುಡದಲ್ಲಿ ಅಣಬೆ ಕಂಡರೆ

ಕಳೆದ ಮಳೆಗಾಲದಲ್ಲಿ ಸಂಡೂರು ತಾಲ್ಲೂಕಿನ ಒಂದು ಶಾಲೆಯಿಂದ ಕರೆ ಬಂತು. ಅಂಗಳದ ಕೆಂಪು ತುರಾಯಿ ಮರ ಸ್ವಲ್ಪ ವಾಲಿದಂತೆ ಕಾಣುತ್ತಿದೆ, ಒಮ್ಮೆ ಬಂದು ನೋಡಿ ಎಂದರು ಮುಖ್ಯ ಶಿಕ್ಷಕಿ. ಹೋದಾಗ ಮರ ಮೈತುಂಬ ಎಲೆ ಹೊತ್ತು ನಿಂತಿತ್ತು. ಬುಡದ ಕಟ್ಟೆಯ ಮೇಲೆ ಮಾತ್ರ ನುಣ್ಣನೆಯ ಕಂದು ಧೂಳು ಕುಳಿತಿತ್ತು. "ಅದಿರಿನ ಲಾರಿಗಳು ಓಡಾಡುವ ರಸ್ತೆ ಸಾರ್, ಎಷ್ಟು ಗುಡಿಸಿದರೂ ಅಷ್ಟೇ" ಎಂದರು ಅವರು.

ಆದರೆ ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು. ಕಾಂಪೌಂಡ್ ಗೋಡೆ, ಕಿಟಕಿಯ ಸರಳು, ಹಂಚು ಎಲ್ಲವೂ ತೊಳೆದಿಟ್ಟಂತಿದ್ದವು. ಧೂಳು ಇದ್ದದ್ದು ಮರದ ಬುಡದಲ್ಲಿ ಮಾತ್ರ. ಬಗ್ಗಿ ನೋಡಿದೆ. ಕಟ್ಟೆಗೂ ಕಾಂಡಕ್ಕೂ ನಡುವಿನ ಸಂದಿನಲ್ಲಿ ಅಂಗೈಯಗಲದ ಅಣಬೆ, ಗೋಡೆಗೆ ಹೊಡೆದ ಹಲಗೆಯಂತೆ ಕಾಂಡಕ್ಕೆ ಅಂಟಿಕೊಂಡಿತ್ತು. ಮೇಲಿನ ಪುಡಿಯನ್ನು ಬೆರಳಿನಿಂದ ಒರೆಸಿದಾಗ ಕಿನ್ನಾಳದ ಗೊಂಬೆಯ ಮೈಯಂತೆ ಕೆಂಗಂದಾಗಿ ಹೊಳೆಯಿತು. ಅಂಚು ಬೆಳ್ಳಗೆ, ಎಂದರೆ ಇನ್ನೂ ಬೆಳೆಯುತ್ತಿದೆ. ಅದು ಗ್ಯಾನೋಡರ್ಮಾ. ಆ ಕಂದು ಪುಡಿ ಅದರ ಬೀಜಕಣ. ತೆಂಗು, ಅಡಿಕೆ ಬೆಳೆಯುವವರು ಅಣಬೆ ರೋಗ ಎಂದು ಕರೆಯುವುದು ಇದೇ ಕುಲದ ಶಿಲೀಂಧ್ರ ತರುವ ರೋಗವನ್ನು.

ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತಾ ಬಂದೆ. ಒಂದು ಬದಿಯಲ್ಲಿ ಗಟ್ಟಿ ಸದ್ದು. ಅಣಬೆಯ ಬದಿಗೆ ಬಂದಾಗ ಖಾಲಿ ಡಬ್ಬಿಯ ಸದ್ದು. ಆ ಬದಿಯ ದೊಡ್ಡ ಬೇರಿನ ಮಣ್ಣು ಸರಿಸಿ ಕಬ್ಬಿಣದ ಸರಳು ಒತ್ತಿದರೆ ನೆನೆದ ರಟ್ಟಿನೊಳಗೆ ಹೋದಂತೆ ಗೇಣುದ್ದ ಒಳಗೆ ಹೋಯಿತು.

"ಇಷ್ಟು ಹಸಿರಾಗಿದೆಯಲ್ಲ ಸಾರ್?" ಈ ಪ್ರಶ್ನೆ ನನಗೆ ಬಳ್ಳಾರಿಯಲ್ಲೂ ಕೊಪ್ಪಳದಲ್ಲೂ ಎದುರಾಗಿದೆ, ಮರ ಬಿದ್ದ ಮೇಲೆಯೂ ಎದುರಾಗಿದೆ. ನೀರು ಏರುವುದು ತೊಗಟೆಗೆ ಹತ್ತಿರದ ಹೊರಪದರದಲ್ಲಿ. ನಡುವಿನ ಚೇಗು ಜೀವವಿಲ್ಲದ ಭಾಗ. ಮರವನ್ನು ಎತ್ತಿ ಹಿಡಿಯುವುದಷ್ಟೇ ಅದರ ಕೆಲಸ. ಈ ಶಿಲೀಂಧ್ರ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನೂ ನಾರಿನ ಸೆಲ್ಯುಲೋಸನ್ನೂ ತಿನ್ನುತ್ತದೆ. ಹೊರಪದರ ಉಳಿದಿರುವವರೆಗೆ ಎಲೆಗೆ ನೀರು ಸಿಗುತ್ತದೆ, ಅಷ್ಟರಲ್ಲಿ ಆಧಾರದ ಬೇರುಗಳು ಹೋಗಿರುತ್ತವೆ. ಆದ್ದರಿಂದ ನೆತ್ತಿ ನೋಡಿ ಮರದ ಆರೋಗ್ಯ ಹೇಳಬೇಡಿ, ಬುಡ ನೋಡಿ.

ಬುಡ ಕೊಳೆಯುವ ರೋಗವನ್ನು ಚೆನ್ನಾಗಿ ಅರಿತವರು ಪೈನ್, ಸ್ಪ್ರೂಸ್‌ಗಳಂಥ ಸೂಚಿಪರ್ಣಿ (ಸೂಜಿಯಂಥ ಎಲೆಯ) ಮರಗಳ ನಾಡಿನವರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅರಣ್ಯ ವಿಜ್ಞಾನಿ ರಾಬರ್ಟ್ ಹಾರ್ಟಿಗ್, ಮರದೊಳಗಿನ ಕೊಳೆಗೂ ಹೊರಗಿನ ಅಣಬೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಅಲ್ಲಿನ ದೊಡ್ಡ ಶತ್ರು ಹೆಟಿರೋಬೆಸಿಡಿಯಾನ್ ಎಂಬ ಶಿಲೀಂಧ್ರ. ಅದು ಪೈನ್ ಬೇರುಗಳನ್ನು ಕೊಂದು ಮರವನ್ನೇ ಒಣಗಿಸುತ್ತದೆ; ಸ್ಪ್ರೂಸ್‌ನಲ್ಲಿ ಚೇಗಿನೊಳಗೆ ಹಲವು ಮೀಟರ್ ಮೇಲೇರುತ್ತದೆ. ಇಂಗ್ಲೆಂಡಿನ ಥೆಟ್‌ಫರ್ಡ್ ಪೈನ್ ಕಾಡಿನಲ್ಲಿ ಇದನ್ನು ಅಭ್ಯಾಸ ಮಾಡಿದ ಜಾನ್ ರಿಷ್‌ಬೆತ್, ರೋಗ ಹೊಗುವ ಬಾಗಿಲು ಯಾವುದೆಂದು ಕಂಡುಹಿಡಿದರು: ಆಗಷ್ಟೇ ಕಡಿದ ಮರದ ಬೊಡ್ಡೆ. ಗಾಳಿಯಲ್ಲಿ ಬಂದ ಬೀಜಕಣ ಆ ಹಸಿ ಗಾಯದ ಮೇಲೆ ಮೊಳೆತು, ಬೊಡ್ಡೆಯ ಬೇರಿಗಿಳಿದು, ಬೇರಿಗೆ ಬೇರು ತಾಕಿದಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ಮರಗಳಿಗೆ ಗಾಳಿ ಬೆಳಕು ಸಿಗಲೆಂದು ನಡುನಡುವೆ ಕಡಿದದ್ದೇ ಉಳಿದವಕ್ಕೆ ಮುಳುವಾಗುತ್ತಿತ್ತು. 1963ರಲ್ಲಿ ಅವರು ಪ್ರಕಟಿಸಿದ ಉಪಾಯ ನನಗೆ ಇಂದಿಗೂ ಅಚ್ಚರಿ: ಬದುಕಿರುವ ಮರಕ್ಕೆ ಕೇಡು ಮಾಡದ ಇನ್ನೊಂದು ಶಿಲೀಂಧ್ರವನ್ನು ಬೊಡ್ಡೆಗೆ ಮೊದಲೇ ಬಳಿದು, ಶತ್ರುವಿಗೆ ಜಾಗವೇ ಇಲ್ಲದಂತೆ ಮಾಡುವುದು. ಅದು ಪೈನ್ ಮತ್ತು ಸ್ಪ್ರೂಸ್‌ಗಾಗಿ ಮಾಡಿದ ಮದ್ದು, ನಮ್ಮ ಗ್ಯಾನೋಡರ್ಮಾಕ್ಕೆ ತಂದು ಹಚ್ಚಿ ಫಲವಿಲ್ಲ. ಆದರೆ ಬೊಡ್ಡೆಯ ಮೇಲೆ ಕಣ್ಣಿಡುವುದನ್ನು ಅವರಿಂದ ಕಲಿಯಬೇಕು.

ಆ ಶಾಲೆಯಲ್ಲಿ ನಾನು ಹುಡುಕಿದ್ದೂ ಅದನ್ನೇ. ಮೂರು ಮಾರು ದೂರದಲ್ಲಿ, ಕಾಂಪೌಂಡ್ ಕಟ್ಟುವಾಗ ಕಡಿದ ಹೊಂಗೆಯ ಬೊಡ್ಡೆ ಸಿಕ್ಕಿತು. ಅದರ ಮೇಲೆ ಅದೇ ಅಣಬೆಯ ಹಳೆಯ, ಒಣಗಿ ಕಪ್ಪಾದ ತುಂಡುಗಳಿದ್ದವು. ಚರಂಡಿ ತೋಡಿದಾಗ ತುರಾಯಿಯ ಬೇರುಗಳೂ ಕತ್ತರಿಸಿ ಹೋಗಿದ್ದವು. ರೋಗಕ್ಕೆ ಇನ್ನೇನು ಬೇಕು?

ಔಷಧಿ ಹೊಡೆಯಬಹುದೇ ಎಂದು ಕೇಳುತ್ತಾರೆ. ಕಾಂಡದೊಳಗೆ ಇಷ್ಟು ದೂರ ಹೋದ ಕೊಳೆಯನ್ನು ಯಾವ ಔಷಧಿಯೂ ಹಿಂದಕ್ಕೆ ತರುವುದಿಲ್ಲ. ಬುಡಕ್ಕೆ ಸುಣ್ಣ ಬಳಿದರೆ ಅದು ತೊಗಟೆಯ ಮೇಲೆಯೇ ಉಳಿಯುತ್ತದೆ. ಪೊಟರೆಗೆ ಸಿಮೆಂಟ್ ತುಂಬುವುದನ್ನಂತೂ ದಯವಿಟ್ಟು ನಿಲ್ಲಿಸಿ. ಗಾಳಿಗೆ ಮರ ಓಲಾಡುವಾಗ ಸಿಮೆಂಟ್ ಓಲಾಡುವುದಿಲ್ಲ. ಅದು ಒಳಗೋಡೆಯನ್ನು ಉಜ್ಜುತ್ತದೆ, ಸಂದಿನಲ್ಲಿ ನೀರು ನಿಲ್ಲಿಸುತ್ತದೆ. ಕೊಳೆ ಇನ್ನೂ ಎಳೆಯದಾಗಿದ್ದರೆ ಬುಡದ ಮಣ್ಣು ಬಿಡಿಸಿ, ನೀರು ನಿಲ್ಲದಂತೆ ಮಾಡಿ, ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಕೊಡುತ್ತೇನೆ. ಅದು ಹರಡುವಿಕೆಯನ್ನು ತಗ್ಗಿಸಬಲ್ಲದು, ಕೊಳೆತದ್ದನ್ನು ಮರಳಿ ಕಟ್ಟಲಾರದು. ಎರೆ ಭೂಮಿಯಲ್ಲಿ, ಅದರಲ್ಲೂ ಗಂಗಾವತಿ, ಸಿಂಧನೂರಿನ ಕಾಲುವೆ ಸೀಮೆಯಲ್ಲಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಅರ್ಧ ಚಿಕಿತ್ಸೆ.

ಹೊಲದ ಬದುವಿಗೆ ಸರ್ವೆ ಮರ ಹಾಕಿದವರು ಅದೂ ಪೈನ್ ಜಾತಿಯೇ ಎಂದು ಕೇಳುತ್ತಾರೆ. ಅಲ್ಲ. ಸೂಜಿಯಂತೆ ಕಾಣುವುದು ಅದರ ಎಲೆಯಲ್ಲ, ಗಿಣ್ಣುಗಿಣ್ಣಾದ ಹಸಿರು ಕಡ್ಡಿ. ಆದರೆ ಗ್ಯಾನೋಡರ್ಮಾ ಅದನ್ನೂ ಬಿಡುವುದಿಲ್ಲ, ಹಾಗಾಗಿ ಗಳಕ್ಕೆಂದು ಕಡಿದ ಸರ್ವೆಯ ಬೊಡ್ಡೆಗಳನ್ನೂ ಕಿತ್ತು ತೆಗೆಯಿರಿ.

ಮಕ್ಕಳು ಆಡುವ ಅಂಗಳ, ವಾಲಿದ ಮರ. ಕಡಿಯಲೇಬೇಕೆಂದು ಬರೆದುಕೊಟ್ಟೆ, ಬರೆಯುವಾಗ ಸಂಕಟವಾಯಿತು. ಅನುಮತಿ ಬಂದ ಮೇಲೆ ಒಂದು ಭಾನುವಾರ ಮರ ಇಳಿಸಿದರು. ಎರಡೂ ಬೊಡ್ಡೆಗಳನ್ನು ಜೆಸಿಬಿಯಿಂದ ಎಬ್ಬಿಸಿ, ಹೆಬ್ಬೆರಳು ಗಾತ್ರದ ಬೇರುಗಳನ್ನೂ ಆರಿಸಿ ಸುಟ್ಟೆವು. ಗುಂಡಿಯನ್ನು ಬೇಸಿಗೆಯ ಬಿಸಿಲಿಗೆ ತೆರೆದಿಟ್ಟಿದ್ದೇವೆ. ಹೊಸ ಬೇವಿನ ಸಸಿಗೆ ಅಂಗಳದ ಇನ್ನೊಂದು ಮೂಲೆಯಲ್ಲಿ ಜಾಗ ಗುರುತು ಮಾಡಿ ಬಂದಿದ್ದೇನೆ, ಅದರ ಸುತ್ತ ಕಟ್ಟೆ ಕಟ್ಟಬಾರದೆಂದು ಮುಖ್ಯ ಶಿಕ್ಷಕಿಯವರಿಂದ ಮಾತು ತೆಗೆದುಕೊಂಡಿದ್ದೇನೆ.