ಸೂರ್ಯಗಡಿಯಾರದ ಸೂಕ್ತಿ ಯಾರದು?

ಕೃತಿಸ್ವಾಮ್ಯದ ವಕೀಲನಾಗಿ ನಾನು ಕೈಗೆತ್ತಿಕೊಂಡ ಅತಿ ಚಿಕ್ಕ ಕೃತಿಯೆಂದರೆ ಎರಡು ಸಾಲಿನ ಒಂದು ಸೂಕ್ತಿ. ಶಾಲೆಯೊಂದು ತನ್ನ ಅಂಗಳದಲ್ಲಿ ಸೂರ್ಯಗಡಿಯಾರ ಕಟ್ಟಿಸಿ, ಅದರ ಪೀಠದ ಮೇಲೆ ಕೆತ್ತಿಸಲು ಊರಿನವರಿಂದ ಸಾಲುಗಳನ್ನು ಕೇಳಿತ್ತು. ಆಯ್ಕೆಯಾದ ಸಾಲುಗಳು ಮೂರು ವರ್ಷಗಳ ಬಳಿಕ ಶಾಲೆಯ ಕ್ಯಾಲೆಂಡರಿನಲ್ಲಿ ‘ಅಜ್ಞಾತ ಕವಿ’ಯ ಹೆಸರಿನಲ್ಲಿ ಅಚ್ಚಾದಾಗ, ಅವನ್ನು ಬರೆದಿದ್ದ ನಿವೃತ್ತ ಶಿಕ್ಷಕಿ ನನ್ನ ಬಳಿಗೆ ಬಂದರು. ಅವರಿಗೆ ಹಣ ಬೇಕಿರಲಿಲ್ಲ, ಹೆಸರು ಬೇಕಿತ್ತು.

ಸೂರ್ಯಗಡಿಯಾರಗಳ ಮೇಲೆ ಸೂಕ್ತಿ ಕೆತ್ತಿಸುವುದು ಯುರೋಪಿನ ಹಳೆಯ ರೂಢಿ. ಬರೆದವರ ಹೆಸರನ್ನೂ ಕೆತ್ತಿಸುವುದು ಅಲ್ಲಿಯೂ ವಿರಳ. ಇಂಗ್ಲೆಂಡಿನ ಮಾರ್ಗರೆಟ್ ಗ್ಯಾಟಿ ಇಂಥ ಸೂಕ್ತಿಗಳನ್ನು ಸಂಗ್ರಹಿಸಿ 1872ರಲ್ಲಿ ಪ್ರಕಟಿಸಿದರು. ಕಾಲ ಓಡುತ್ತದೆ ಎಂಬರ್ಥದ ಪ್ರಸಿದ್ಧ ಲ್ಯಾಟಿನ್ ನುಡಿಯ ಮೂಲ ವರ್ಜಿಲನ ‘ಜಾರ್ಜಿಕ್ಸ್’ ಕಾವ್ಯದಲ್ಲಿದೆ. ಅದನ್ನು ಇಂದು ಯಾರ ಅನುಮತಿಯೂ ಇಲ್ಲದೆ ಬಳಸಬಹುದು. ಹಲವು ಸೂಕ್ತಿಗಳನ್ನು ರಚಿಸಿದ ಹಿಲೇರ್ ಬೆಲಾಕ್ ತೀರಿಕೊಂಡದ್ದು 1953ರಲ್ಲಿ. ಅವರು ಬದುಕಿದ್ದಾಗಲೇ ಅಚ್ಚಾದ ಸೂಕ್ತಿಗಳ ಕೃತಿಸ್ವಾಮ್ಯ ಭಾರತದಲ್ಲಿ 2013ರ ಕೊನೆಗೆ, ಬ್ರಿಟನ್ನಿನಲ್ಲಿ 2023ರ ಕೊನೆಗೆ ಮುಗಿಯಿತು, ಏಕೆಂದರೆ ಲೇಖಕರ ಮರಣಾನಂತರ ನಮ್ಮಲ್ಲಿ 60 ವರ್ಷ, ಅವರಲ್ಲಿ 70 ವರ್ಷ ರಕ್ಷಣೆಯಿರುತ್ತದೆ.

ಬದುಕಿರುವವರು ಬರೆದುಕೊಟ್ಟ ಸಾಲುಗಳ ಮಾತು ಬೇರೆ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಎರಡು-ಮೂರು ಪದಗಳ ಸೂಕ್ತಿಗೂ ರಕ್ಷಣೆ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ. ಆದರೆ ಸ್ವಂತ ಕಲ್ಪನೆಯಿಂದ ಹುಟ್ಟಿದ ದ್ವಿಪದಿಯನ್ನು ಚಿಕ್ಕದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ಸರಿಯಲ್ಲ. ಅದನ್ನು ಕಲ್ಲಿನ ಮೇಲೆ ಕೆತ್ತಲು ಕೊಟ್ಟ ಒಪ್ಪಿಗೆಯನ್ನು ಕ್ಯಾಲೆಂಡರಿಗೂ ಪುಸ್ತಕಕ್ಕೂ ಕೊಟ್ಟ ಒಪ್ಪಿಗೆಯೆಂದು ಹಿಗ್ಗಿಸಿಕೊಳ್ಳಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 30ನೇ ಕಲಮಿನ ಪ್ರಕಾರ ಪರವಾನಗಿ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷಕ್ಕೆಂದು, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದು ಭಾವಿಸಲಾಗುತ್ತದೆ. ‘ಸಂಸ್ಥೆಗೆ ಅರ್ಪಿಸಿದ್ದೇನೆ’ ಎಂಬ ಒಂದು ಸಾಲು ಇಲ್ಲಿ ಸಾಲದು.

ಸಂಸ್ಥೆಗಳು ಎಡವುವುದು ಹೆಚ್ಚಾಗಿ ಹೆಸರಿನ ವಿಷಯದಲ್ಲಿಯೇ. ಮುಕ್ತ ಬಳಕೆಗೆ ಬಿಟ್ಟುಕೊಟ್ಟ ಕೂಡಲೇ ಕರ್ತೃತ್ವವೂ ಹೋಯಿತೆಂದು ಅವು ತಿಳಿಯುತ್ತವೆ. ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಕೊಟ್ಟ ಮೇಲೂ, ‘ಇದನ್ನು ಬರೆದವರು ನಾವು’ ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ಲೇಖಕರಲ್ಲೇ ಉಳಿಯುತ್ತದೆ. ಆದ್ದರಿಂದ ಸಾಲುಗಳನ್ನು ಆಹ್ವಾನಿಸುವ ದಿನವೇ ಒಂದು ಪುಟದ ಪತ್ರಕ್ಕೆ ಸಹಿ ಪಡೆಯಿರಿ ಎಂದು ನನ್ನಲ್ಲಿಗೆ ಬರುವವರಿಗೆ ಹೇಳುತ್ತೇನೆ: ರಚನೆ ಸ್ವಂತದ್ದೇ, ಎಲ್ಲೆಲ್ಲಿ ಮತ್ತು ಎಷ್ಟು ಕಾಲ ಬಳಸಬಹುದು, ಅನುವಾದಕ್ಕೆ ಒಪ್ಪಿಗೆ ಇದೆಯೇ, ಹೆಸರು ಹೇಗೆ ಬರಬೇಕು ಅಥವಾ ಬರುವುದೇ ಬೇಡವೇ ಎಂಬುದೆಲ್ಲ ಅದರಲ್ಲಿರಲಿ. ಬರೆದವರು ಮಕ್ಕಳಾದರೆ ಪೋಷಕರ ಸಹಿ ಬೇಕು.

ಆ ಶಿಕ್ಷಕಿ ಕೊನೆಗೆ, ಹೆಸರು ಹಾಕಿದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂದು ಬರೆದುಕೊಟ್ಟರು. ಶಾಲೆಯವರು ಸೂಕ್ತಿಯ ಕೆಳಗೆ ಅವರ ಹೆಸರಿನ ಹಿತ್ತಾಳೆ ಫಲಕವನ್ನು ಹಾಕಿಸಿದ್ದಾರೆ.