ಅದೇ ಜಾಗದಲ್ಲಿ ಮತ್ತೆ ಏಳುವ ಗುಳ್ಳೆ

ಜನನಾಂಗದ ಹರ್ಪಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡಿ ಗುಳ್ಳೆ ಎಬ್ಬಿಸುವ ವೈರಸ್ ಸೋಂಕು, ಇರುವ ಹೆಚ್ಚಿನವರಿಗೆ ತಮಗೆ ಅದು ಇರುವುದೇ ಗೊತ್ತಿರುವುದಿಲ್ಲ. ಕೆಲವರಲ್ಲಿ ಚಿಹ್ನೆಯೇ ಕಾಣುವುದಿಲ್ಲ. ಇನ್ನು ಕೆಲವರಿಗೆ ಕಂಡರೂ ಶೇವ್ ಮಾಡುವಾಗ ಆದ ಗಾಯ, ಬಿಗಿ ಬಟ್ಟೆ ಉಜ್ಜಿದ್ದು, ಫಂಗಸ್, ಉಷ್ಣ ಎಂದುಕೊಂಡು ಸುಮ್ಮನಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ 15ರಿಂದ 49 ವರ್ಷದವರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಸೋಂಕಿದೆ. ಇಷ್ಟು ಸಾಮಾನ್ಯವಾದ ಕಾಯಿಲೆಯ ಗುರುತು ಇಷ್ಟು ಕಡಿಮೆ ಜನರಿಗೆ ತಿಳಿದಿದೆಯಲ್ಲ ಎಂಬುದು ನನ್ನ ಕೊರಗು.

ಸೋಂಕು ತಗುಲಿ ಎರಡರಿಂದ ಹನ್ನೆರಡು ದಿನಗಳಲ್ಲಿ ಮೊದಲ ಸಲ ಕಾಣಿಸಿಕೊಂಡರೆ ಅದು ಜೋರಾಗಿಯೇ ಇರಬಹುದು. ಜ್ವರ, ಮೈಕೈ ನೋವು, ತೊಡೆಸಂದಿನಲ್ಲಿ ಗಂಟು ಊದುವುದು, ಆಮೇಲೆ ಕೆಂಪಗಾದ ಚರ್ಮದ ಮೇಲೆ ಗುಂಪಾಗಿ ಸಣ್ಣ ನೀರುಗುಳ್ಳೆಗಳು. ಅವು ಒಡೆದು ಹುಣ್ಣಾಗಿ, ಒಣಗಿ ಮಾಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹೆಂಗಸರಲ್ಲಿ ಮೂತ್ರ ಹುಣ್ಣಿಗೆ ತಾಗಿ ವಿಪರೀತ ಉರಿಯಾಗುವುದರಿಂದ ಮೂತ್ರಕೋಶದ ಸೋಂಕೆಂದು ಆ್ಯಂಟಿಬಯೋಟಿಕ್ ನುಂಗುವವರೂ ಇದ್ದಾರೆ. ಉರಿ ಒಳಗಿದೆಯೋ, ಮೂತ್ರ ತಾಗಿದ ಚರ್ಮದಲ್ಲಿದೆಯೋ ಎಂದು ನನ್ನ ಬಳಿ ಬಂದ ರೋಗಿಗಳನ್ನು ನಾನು ಕೇಳಿಯೇ ಕೇಳುತ್ತೇನೆ.

ನಿಜವಾದ ಸುಳಿವು ಸಿಗುವುದು ಅದು ಮರುಕಳಿಸಿದಾಗ. ಮೊದಲ ಹುಣ್ಣು ಮಾಯ್ದರೂ ವೈರಸ್ ಬೆನ್ನುಹುರಿಯ ಕೆಳಭಾಗದ ನರಗಂಟುಗಳಲ್ಲಿ ಉಳಿದುಕೊಂಡಿರುತ್ತದೆ. ಆಗಾಗ ಅದೇ ನರದ ಹಾದಿಯಲ್ಲಿ ಇಳಿದು ಬರುತ್ತದೆ. ಹಾಗಾಗಿ ಗುಳ್ಳೆ ಏಳುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಏಳುವ ಕೆಲವು ಗಂಟೆ, ಒಂದೆರಡು ದಿನ ಮೊದಲೇ ಅಲ್ಲಿ ಜುಮುಜುಮು, ತುರಿಕೆ, ಉರಿ ಇರುತ್ತದೆ. ಕೆಲವರಿಗೆ ತೊಡೆ, ಪೃಷ್ಠದಲ್ಲಿ ಚಳುಕು ಹೊಡೆಯುತ್ತದೆ. ಈ ಸಲದ್ದು ಹಗುರ: ಒಂದೆರಡು ಗುಳ್ಳೆ, ಇಲ್ಲವೇ ಉಗುರು ಗೀರಿದಂಥ ಸಣ್ಣ ಬಿರುಕು, ವಾರ ಹತ್ತು ದಿನದಲ್ಲಿ ಮಾಯ. ಪೃಷ್ಠದ ಮೇಲೆ ಎದ್ದರಂತೂ ಸರ್ಪಸುತ್ತು ಎನ್ನುತ್ತಾರೆ. ಆದರೆ ಸರ್ಪಸುತ್ತು ಅದೇ ಜಾಗದಲ್ಲಿ ಪದೇ ಪದೇ ಬರುವುದು ಬಲು ಅಪರೂಪ.

ನೋವಿಲ್ಲದ, ಗಟ್ಟಿ ಅಂಚಿನ ಒಂಟಿ ಹುಣ್ಣಾದರೆ ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗ ಇರಬಹುದು. ಕಣ್ಣಳತೆಯಲ್ಲಿ ಇವನ್ನು ಬೇರ್ಪಡಿಸಲು ನಮಗೂ ಕೆಲವೊಮ್ಮೆ ಆಗದು. ಆದ್ದರಿಂದ ಗುಳ್ಳೆ ಹೊಸದಾಗಿರುವಾಗಲೇ ಬನ್ನಿ. ಹಸಿ ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದು, ವೈರಸ್ಸಿನ ವಂಶವಾಹಿ ಹುಡುಕುವ ಪಿಸಿಆರ್ ಪರೀಕ್ಷೆ ಎಲ್ಲಕ್ಕಿಂತ ನಂಬಿಕಸ್ತ. ಒಣಗಿದ ಮೇಲೆ ವೈರಸ್ ಸಿಗದೇ ಹೋಗಬಹುದು. ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯನ್ನು ಇದಕ್ಕಾಗಿ ಮಾಡಿಸಬೇಡಿ, ಅದು ದಾರಿ ತಪ್ಪಿಸುತ್ತದೆ. ಗುಳ್ಳೆಗೆ ಸ್ಟೀರಾಯ್ಡ್ ಮುಲಾಮು ಸವರಲೂ ಬೇಡಿ. ಎಸೈಕ್ಲೋವಿರ್, ವಾಲಸೈಕ್ಲೋವಿರ್ ಮಾತ್ರೆಗಳು ವೈರಸ್ಸನ್ನು ಪೂರ್ತಿ ತೊಲಗಿಸುವುದಿಲ್ಲ, ಆದರೆ ಬೇಗ ಶುರುಮಾಡಿದಷ್ಟು ಗುಣ ಹೆಚ್ಚು. ಪದೇ ಪದೇ ಬರುವವರು ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಂಡರೆ ಮರುಕಳಿಕೆಯೂ ಸಂಗಾತಿಗೆ ದಾಟುವ ಸಾಧ್ಯತೆಯೂ ತಗ್ಗುತ್ತವೆ. ಗುಳ್ಳೆ ಇಲ್ಲದಾಗಲೂ ಸೋಂಕು ದಾಟಬಹುದು. ಕಾಂಡೋಮ್ ಅದನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ.

ಫಲಿತಾಂಶ ಕೈಗೆ ಬಂದ ಗಳಿಗೆಯಲ್ಲಿ ಎಷ್ಟೋ ದಂಪತಿಗಳ ನಡುವೆ ಅನುಮಾನ ಹುಟ್ಟುತ್ತದೆ. ದಯವಿಟ್ಟು ಕೇಳಿ: ಇಂದು ಕಂಡ ಮೊದಲ ಗುಳ್ಳೆ ವರ್ಷಗಳ ಹಿಂದಿನ ಸೋಂಕಿನದ್ದೂ ಆಗಿರಬಹುದು. ತುಟಿಯಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ಮೊದಲನೇ ಬಗೆಯ ಹರ್ಪಿಸ್ ವೈರಸ್ ಬಾಯಿಯ ಸಂಪರ್ಕದಿಂದ ಜನನಾಂಗಕ್ಕೂ ಬರುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂಬುದನ್ನು ಆ ಒಂದು ಚೀಟಿ ಹೇಳಲಾರದು.

ಗರ್ಭಿಣಿಯರು ಮಾತ್ರ ಸಂಕೋಚ ಬಿಟ್ಟು ತಮಗಾಗಲಿ ಗಂಡನಿಗಾಗಲಿ ಇಂಥ ಗುಳ್ಳೆ ಬಂದದ್ದಿದ್ದರೆ ಹೇಳಲೇಬೇಕು. ಹಳೆಯ ಸೋಂಕಿನಿಂದ ಮಗುವಿಗೆ ಅಪಾಯ ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಗುಲಿದರೆ ತುಂಬಾ ಹೆಚ್ಚು. ಹೆರಿಗೆ ನೋವು ಶುರುವಾದಾಗ ಗುಳ್ಳೆಯಿದ್ದರೆ, ಬರೀ ಆ ಜುಮುಜುಮು ಇದ್ದರೂ ಸರಿ, ವೈದ್ಯರಿಗೆ ತಿಳಿಸಿ. ಸಿಸೇರಿಯನ್ ಬೇಕೇ ಎಂದು ಅವರು ಆಗಲೇ ತೀರ್ಮಾನಿಸಬೇಕಾಗುತ್ತದೆ.