ಕರ್ನಲ್ ಎಷ್ಟು ಮಾತಾಡಬೇಕು?

2003ರ ನವೆಂಬರ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಎರಡು ಸಾಲು ಕೋಡ್ ತೂರಿಸಿದರು. ಯಾರು ಅಂತ ಇವತ್ತಿಗೂ ಹೊರಬಂದಿಲ್ಲ. ಓದಿದರೆ ಸಾಧು ಸಾಲುಗಳು. ಈ ಪ್ರೋಗ್ರಾಂ ಓಡಿಸುತ್ತಿರುವವರ ಯೂಸರ್ ಸಂಖ್ಯೆ ಸೊನ್ನೆಯೇ ಅಂತ ವಿಚಾರಿಸಿದ ಹಾಗಿತ್ತು. ಸೊನ್ನೆ ಅಂದರೆ ರೂಟ್, ಇಡೀ ಯಂತ್ರದ ಯಜಮಾನ. ಆದರೆ ವಿಚಾರಿಸಲು == ಬೇಕು. ಅಲ್ಲಿ ಇದ್ದದ್ದು ಒಂದೇ =. ಸಿ ಭಾಷೆಯಲ್ಲಿ ಅದು ಸೊನ್ನೆಯೇ ಅಂತ ಕೇಳುವುದಿಲ್ಲ, ಸೊನ್ನೆಯನ್ನು ಕೊಟ್ಟೇ ಬಿಡುತ್ತದೆ. ಗುಟ್ಟು ಗೊತ್ತಿದ್ದ ಯಾವ ಪ್ರೋಗ್ರಾಂ ಬೇಕಾದರೂ ಒಂದು ಕರೆಯಲ್ಲಿ ರೂಟ್ ಆಗಬಹುದಿತ್ತು.

ಷರತ್ತಿನೊಳಗೆ ಒಂಟಿ = ಕಂಡರೆ ಜಿಸಿಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ವಾರ್ನಿಂಗ್ ಕೊಡುತ್ತದೆ. ಆದರೆ ಸುತ್ತ ಬ್ರಾಕೆಟ್ ಹಾಕಿದ್ದರೆ 'ಬೇಕಂತಲೇ ಬರೆದಿದ್ದಾರೆ' ಅಂದುಕೊಂಡು ಸುಮ್ಮನಾಗುತ್ತದೆ. ಇಲ್ಲಿ ಬ್ರಾಕೆಟ್ ಇತ್ತು. ಕೊನೆಗೆ ಕಳ್ಳ ಸಿಕ್ಕಿಬಿದ್ದದ್ದು ಕಂಪೈಲರ್‌ನಿಂದಲ್ಲ. ಮೂಲ ದಾಖಲೆಯಲ್ಲಿ ಇಲ್ಲದ ಬದಲಾವಣೆ ಪ್ರತಿಯಲ್ಲಿ ಎಲ್ಲಿಂದ ಬಂತು ಅಂತ ಒಬ್ಬರು ತಾಳೆ ನೋಡಿದ್ದರಿಂದ. (ಸಿಕ್ಕಿಬಿದ್ದದ್ದು ಸಾಲು ಮಾತ್ರ, ಕಳ್ಳನಲ್ಲ.)

ವಾರ್ನಿಂಗ್ ಅಂದರೆ ಕಂಪೈಲರ್‌ನ ಅನುಮಾನ. ಎರರ್ ಬಂದರೆ ಕೆಲಸ ನಿಲ್ಲುತ್ತದೆ, ವಾರ್ನಿಂಗ್ ಬಂದರೆ ಮುಂದೆ ಹೋಗುತ್ತದೆ. ಅದಕ್ಕೇ ಅದನ್ನು ಕೇಳುವವರು ಕಡಿಮೆ. ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನ ಯಾವ ಲ್ಯಾಬ್‌ಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: "ಎರರ್ ಅಲ್ರಿ ಸರ್, ಬರೇ ವಾರ್ನಿಂಗ್." ನೂರು ಸಾಲಿನ ಪ್ರೋಗ್ರಾಂಗೆ ಅದು ನಡೆದೀತು. ಕರ್ನಲ್ ಕೋಟಿಗಟ್ಟಲೆ ಸಾಲಿನದು. ಅಲ್ಲಿ ಇನ್ನೂರು ಹಳೇ ವಾರ್ನಿಂಗ್ ಬಿಟ್ಟುಕೊಂಡರೆ, ಇನ್ನೂರ ಒಂದನೆಯದು ಹೊಸದು ಅಂತ ಯಾರಿಗೂ ಕಾಣುವುದಿಲ್ಲ.

2021ರಲ್ಲಿ 5.15 ಆವೃತ್ತಿ ಸಿದ್ಧವಾಗುತ್ತಿದ್ದಾಗ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಬೇಸತ್ತು, ಎಲ್ಲ ವಾರ್ನಿಂಗ್‌ಗಳನ್ನೂ ಎರರ್ ಆಗಿಸುವ ಆಯ್ಕೆಯನ್ನು ಎಲ್ಲರಿಗೂ ಆನ್ ಮಾಡಿದರು. ಗದ್ದಲವಾಯಿತು. ಒಂದು ಪ್ರೊಸೆಸರ್‌ಗೆ ಒಂದು ಕಂಪೈಲರ್‌ನಲ್ಲಿ ಶುದ್ಧವಾಗಿದ್ದ ಕೋಡ್, ಇನ್ನೊಂದರಲ್ಲಿ ಬಿಲ್ಡ್ ಆಗದೆ ನಿಂತಿತು. ಕೆಲವೇ ದಿನದಲ್ಲಿ ಆ ಡೀಫಾಲ್ಟ್ ಪರೀಕ್ಷೆಯ ಬಿಲ್ಡ್‌ಗಳಿಗಷ್ಟೇ ಸೀಮಿತವಾಯಿತು. ನನಗೆ ಇದು ಸರಿ ಅನಿಸುತ್ತದೆ. ಕೋಡ್ ಬರೆಯುವವರಿಗೆ ಬಿಗಿ ಇರಲಿ. ಸುಮ್ನೆ ಬಿಲ್ಡ್ ಮಾಡಿ ಬಳಸುವವರನ್ನು ಯಾಕೆ ಕಾಡಬೇಕು?

ಕಂಪೈಲರ್ ಹೇಳಿದ್ದೆಲ್ಲ ನಿಜವೂ ಅಲ್ಲ. 'ಈ ವೇರಿಯೇಬಲ್‌ಗೆ ಬೆಲೆ ಕೊಡದೆ ಬಳಸಿರಬಹುದು' ಅನ್ನುವ ವಾರ್ನಿಂಗ್ ಜಾಸ್ತಿ ಸುಳ್ಳು ಹೇಳುತ್ತಿತ್ತು. 2020ರಲ್ಲಿ ಟೊರ್ವಾಲ್ಡ್ಸ್ ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. ಅದೇ ವರ್ಷ ಇನ್ನೊಂದು ಕೆಟ್ಟ ಚಾಳಿಯನ್ನೂ ಕಿತ್ತುಹಾಕಲಾಯಿತು. ಆ ವಾರ್ನಿಂಗ್‌ನ ಬಾಯಿ ಮುಚ್ಚಿಸಲು ಕರ್ನಲ್‌ನಲ್ಲೇ ಒಂದು ಮ್ಯಾಕ್ರೋ (ಕೋಡ್ ತುಣುಕಿಗೆ ಇಟ್ಟ ಹೆಸರು) ಇತ್ತು. ವೇರಿಯೇಬಲ್‌ಗೆ ಅದೇ ವೇರಿಯೇಬಲ್‌ನ ಬೆಲೆ ಕೊಡುವುದು, x = x ಅಂತ. ಏನೂ ಆಗುವುದಿಲ್ಲ, ಕಂಪೈಲರ್ ಮಾತ್ರ ನಂಬುತ್ತದೆ. ಸುಳ್ಳು ವಾರ್ನಿಂಗ್ ಜೊತೆ ನಿಜವಾದವೂ ಅದರಡಿ ಮುಚ್ಚಿಹೋಗುತ್ತಿದ್ದವು. ಆಫ್ ಮಾಡಿದ್ದು ಎಲ್ಲರಿಗೂ ಗೊತ್ತಿರುತ್ತದೆ. x = x ಬರೆದದ್ದು ಬರೆದವನಿಗೂ ಮರೆತುಹೋಗುತ್ತದೆ.

ಇದೆಲ್ಲ ಕರ್ನಲ್ ಹುಟ್ಟುವ ಮುಂಚಿನ ಮಾತು. ಓಡಲು ಶುರುವಾದ ಮೇಲೆ ಅದು ತಾನೇ ಮಾತಾಡುತ್ತದೆ, ಪ್ರಿಂಟ್‌ಕೆ ಅನ್ನುವ ಫಂಕ್ಷನ್ ಮೂಲಕ. ಪ್ರತಿ ಸಂದೇಶಕ್ಕೂ 0ರಿಂದ 7ರವರೆಗೆ ಒಂದು ಮಟ್ಟ. ಮಳೆಗಾಲದಲ್ಲಿ ಬೆಳಗಾವಿಗೆ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಕೊಡುತ್ತಾರಲ್ಲ, ಹಾಗೆ. ಆದರೆ ಲೆಕ್ಕ ತಿರುಗಾಮುರುಗಾ: 0 ಅಂದರೆ ಯಂತ್ರ ಮುಳುಗುತ್ತಿದೆ, 3 ಎರರ್, 4 ವಾರ್ನಿಂಗ್, 7 ಅಂದರೆ ಡಿಬಗ್ ಮಾಡುವವರ ಗುಸುಗುಸು. ತುಂತುರು ಮಳೆಗೂ ರೆಡ್ ಅಲರ್ಟ್ ಕೊಟ್ಟರೆ ಚಿಕ್ಕೋಡಿ ಕಡೆಯ ಹೊಳೆದಂಡೆಯವರು ಮುಂದಿನ ಸಲ ದನ ಬಿಚ್ಚುವುದಿಲ್ಲ. ತನ್ನ ಡ್ರೈವರ್ (ಉಪಕರಣವನ್ನು ನಡೆಸುವ ಕೋಡ್) ಲೋಡ್ ಆಯಿತು ಅನ್ನುವುದನ್ನೇ 3ನೇ ಮಟ್ಟದಲ್ಲಿ ಕೂಗುವ ಪ್ರೋಗ್ರಾಮರ್ ಮಾಡುವುದು ಅದನ್ನೇ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಲೇತ್ ಪಕ್ಕ ಲಿನಕ್ಸ್ ಓಡುವ ಪುಟ್ಟ ಬೋರ್ಡ್, ಅದಕ್ಕೊಂದು ಕಂಪನ ಅಳೆಯುವ ಸೆನ್ಸರ್. ಕೇಬಲ್ ಸಡಿಲ. ಯಂತ್ರ ಅದುರಿದಾಗೆಲ್ಲ 'ಸೆನ್ಸರ್ ಉತ್ತರಿಸುತ್ತಿಲ್ಲ' ಅಂತ ಸೆಕೆಂಡಿಗೆ ನೂರು ಸಾಲು. ಕರ್ನಲ್ ತನ್ನ ಸಂದೇಶಗಳನ್ನು ಮೆಮೊರಿಯಲ್ಲಿ ಒಂದು ಸುತ್ತು ಬಫರ್‌ನಲ್ಲಿ ಇಡುತ್ತದೆ. ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಮೂಲ ಕರ್ನಲ್‌ನಲ್ಲಿ ಡೀಫಾಲ್ಟ್ ಗಾತ್ರ 128 ಕೆಬಿ. ಸಾಲಿಗೆ 80 ಅಕ್ಷರ ಅಂದರೆ ಸುಮಾರು 1,600 ಸಾಲು. ಹದಿನಾರು ಸೆಕೆಂಡಿನಲ್ಲಿ ಹಿಂದಿನದೆಲ್ಲ ಅಳಿಸಿಹೋಯಿತು. ಅಳಿಸಿಹೋದದ್ದರಲ್ಲಿ 'ಮೆಮೊರಿ ಕಾರ್ಡ್ ಓದಲು ಆಗುತ್ತಿಲ್ಲ' ಅನ್ನುವ ಸಾಲೂ ಇರಬಹುದು, ಅಲ್ವಾ? ಲಾಗ್ ಫೈಲ್‌ನಲ್ಲಿ ಉಳಿದಿರಬೇಕಲ್ಲ ಅನ್ನಬಹುದು. ಆ ಫೈಲ್ ಬರೆಯಬೇಕಾದದ್ದೇ ಕೆಟ್ಟುಹೋಗುತ್ತಿರುವ ಕಾರ್ಡ್ ಮೇಲೆ.

ಇದಕ್ಕೆ ಕರ್ನಲ್‌ನಲ್ಲೇ ಮದ್ದಿದೆ. ಮಿತಿ ಹಾಕಿದ ಸಂದೇಶ ಡೀಫಾಲ್ಟ್ ಲೆಕ್ಕದಲ್ಲಿ 5 ಸೆಕೆಂಡಿಗೆ 10 ಸಲ ಮಾತ್ರ ಬರುತ್ತದೆ. ಉಳಿದವನ್ನು ನುಂಗಿ, ಎಷ್ಟು ನುಂಗಿದೆ ಅಂತ ಒಂದು ಸಾಲು ಹೇಳುತ್ತದೆ. ಬೂಟ್ ಆದಾಗಿನಿಂದ ಒಂದೇ ಸಲ ಹೇಳುವ ರೂಪವೂ ಇದೆ. ಡ್ರೈವರ್ ಬರೆಯುವವರು ಇವನ್ನು ಬಳಸಬೇಕಷ್ಟೇ.

ಮಾತಿಗೆ ಇನ್ನೊಂದು ಬೆಲೆಯೂ ಇದೆ: ಸಮಯ. ಕರ್ನಲ್‌ನ ಸಂದೇಶ ಹಳೇ ಸೀರಿಯಲ್ ಕೇಬಲ್‌ನಲ್ಲಿ ಹೊರಹೋಗುವಾಗ, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ 80 ಅಕ್ಷರದ ಒಂದು ಸಾಲು ಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಕಾಯುವುದು ನಮಗೆ ಏನೂ ಅಲ್ಲ. ಮಿಲಿಸೆಕೆಂಡಿನೊಳಗೆ ಉಪಕರಣದ ತುದಿಯನ್ನು ನಿಲ್ಲಿಸಬೇಕಾದ ಯಂತ್ರಕ್ಕೆ ಅದು ದೊಡ್ಡ ಕಾಲ. ಕಾಲ ತಪ್ಪದೆ ಉತ್ತರಿಸುವ ರಿಯಲ್‌ಟೈಮ್ ಲಿನಕ್ಸ್‌ಗಾಗಿ ಸುಮಾರು ಇಪ್ಪತ್ತು ವರ್ಷ ಕೆಲಸ ನಡೆಯಿತು. ಅದು ಮುಖ್ಯ ಕರ್ನಲ್ ಸೇರಿದ್ದು 2024ರಲ್ಲಿ, 6.12 ಆವೃತ್ತಿಯಲ್ಲಿ. ಕೊನೆಯ ತನಕ ಅಡ್ಡ ನಿಂತದ್ದು, ಯಾವ ಪ್ರೋಗ್ರಾಂ ಯಾವಾಗ ಓಡಬೇಕು ಅಂತ ತೀರ್ಮಾನಿಸುವ ಶೆಡ್ಯೂಲರ್‌ನಂಥ ಘನಂದಾರಿ ಭಾಗವಲ್ಲ, ಇದೇ ಪ್ರಿಂಟ್‌ಕೆ. ಮೊದಲು ಅದನ್ನು ಬಿಚ್ಚಿ ಕಟ್ಟಬೇಕಾಯಿತು.

ಜಾಸ್ತಿ ಮಾತಾಡಿ ಗುಟ್ಟು ಬಿಟ್ಟುಕೊಟ್ಟದ್ದೂ ಉಂಟು. ಲಾಗ್‌ನಲ್ಲಿ ಮೆಮೊರಿ ವಿಳಾಸಗಳು ಹಾಗೇ ಬರುತ್ತಿದ್ದವು. ಕರ್ನಲ್ ಒಡೆಯಲು ಬಂದವರಿಗೆ ಅದು ಮನೆಯ ನಕ್ಷೆ ಕೊಟ್ಟ ಹಾಗೆ. 2018ರ 4.15 ಆವೃತ್ತಿಯಿಂದ ಸಾಮಾನ್ಯ ರೀತಿಯಲ್ಲಿ ಮುದ್ರಿಸಿದ ವಿಳಾಸ ಕಲಸಿದ ಅಂಕಿಯಾಗಿ ಕಾಣುತ್ತದೆ. ಈಗ ಹಲವು ಲಿನಕ್ಸ್‌ಗಳಲ್ಲಿ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಕೊಟ್ಟರೆ 'ಅನುಮತಿ ಇಲ್ಲ' ಅಂತ ಬರುವುದೂ ಇದೇ ಕಾರಣಕ್ಕೆ. ಸುಡೊ ಹಾಕಿ (ಅಂದರೆ ರೂಟ್ ಆಗಿ ಓಡಿಸಿ), ಎರರ್ ಮತ್ತು ವಾರ್ನಿಂಗ್ ಮಟ್ಟ ಮಾತ್ರ ಸೋಸಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಒಂದಷ್ಟು ಕೆಂಪು ಸಾಲು ಸಿಗುತ್ತವೆ. ಬಹಳಷ್ಟು, ಬಯಾಸ್ (ಯಂತ್ರ ಶುರುವಾದಾಗ ಮೊದಲು ಓಡುವ ಪ್ರೋಗ್ರಾಂ) ಬರೆದವರ ಅಡ್ಡಾದಿಡ್ಡಿ ಕೆಲಸದ ಬಗ್ಗೆ ಕರ್ನಲ್‌ನ ಗೊಣಗಾಟ. ಡಿಸ್ಕ್ ಹೆಸರು ಇರುವ ಸಾಲು ಕಂಡರೆ ಮಾತ್ರ ಮೊದಲು ಬ್ಯಾಕಪ್ ತಗೊಳ್ಳಿ.